ಕ್ಲೀನರ್ ಸೀಟಿನಿಂದ ಸ್ಟೇರಿಂಗ್‌ವರೆಗೆ

ಗಲ್ಫಿನಲ್ಲಿ ನಮ್ಮ ಅಡುಗೆಮನೆಗೆ ಬರುವ ಅಕ್ಕಿಯಿಂದ ಹಿಡಿದು ಆಸ್ಪತ್ರೆಗೆ ಬರುವ ಇನ್ಸುಲಿನ್‌ವರೆಗೆ ಎಲ್ಲವೂ ಕೊನೆಗೆ ಲಾರಿಯಿಂದಲೇ ಇಳಿಯುತ್ತದೆ. ಔಷಧಾಲಯದಲ್ಲಿ ದುಡಿಯುವ ನಾವು ಪೆಟ್ಟಿಗೆಯ ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು ನೋಡಿ ಸಹಿ ಹಾಕುತ್ತೇವೆ. ತಂದವನ ಮುಖ ನೋಡುವುದು ಕಡಿಮೆ. ಹಾಗೆ ತಂದವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ, ಬಯಲುಸೀಮೆಯವರೂ ಇದ್ದಾರೆ. ನಿಮಗೆ ಮೊದಲ ಲಾರಿ ಹೇಗೆ ಸಿಕ್ಕಿತು ಎಂದು ಅವರನ್ನು ಕೇಳಿದರೆ ಕರ್ನಾಟಕದ ರಸ್ತೆಗಳ ಅರ್ಧ ಚರಿತ್ರೆ ತಾನಾಗಿ ಹೊರಬರುತ್ತದೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮಲ್ಲಿ ಲಾರಿಗಳೇ ಕಡಿಮೆ. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ತಯಾರಿಸತೊಡಗಿತು. ಮರುವರ್ಷ ಮದ್ರಾಸಿನ ಅಶೋಕ್ ಮೋಟಾರ್ಸ್, ಅಶೋಕ್ ಲೇಲ್ಯಾಂಡ್ ಆಯಿತು. ಮುಂದಿನ ದಶಕಗಳಲ್ಲಿ ಘಾಟಿ ಹತ್ತಿ ಇಳಿಯುವ ಸರಕೆಲ್ಲ ಹೆಚ್ಚಾಗಿ ಈ ಎರಡು ಹೆಸರಿನ ಲಾರಿಗಳ ಬೆನ್ನೇರಿತು. ಲಾರಿ ಹೆಚ್ಚಿದಂತೆ ಡ್ರೈವರ್ ಬೇಕಾದರು. ಆದರೆ ಲೈಸೆನ್ಸ್ ಕೊಡುವುದು ಸರ್ಕಾರ, ಲಾರಿ ಕೊಡುವುದು ಮಾಲೀಕ. ಸಾಲ ಮಾಡಿ ತಂದ ಒಂದೇ ಲಾರಿಯ ಮೇಲೆ ಇಡೀ ಮನೆ ನಿಂತಿರುವವನು ನಿನ್ನೆ ಲೈಸೆನ್ಸ್ ಪಡೆದ ಹುಡುಗನ ಕೈಗೆ ಬೀಗದ ಕೈ ಕೊಡುತ್ತಾನೆಯೇ?

ಈ ಕಂದಕಕ್ಕೆ ಸೇತುವೆಯಾಗಿದ್ದದ್ದು ಕ್ಲೀನರ್ ಕೆಲಸ. ಹದಿಹರೆಯದ ಹುಡುಗ ಡ್ರೈವರ್ ಅಣ್ಣನ ಎಡಗಡೆ ಕುಳಿತು ಹೊರಡುತ್ತಿದ್ದ. ಗಾಜು ಒರೆಸುವುದು, ರೇಡಿಯೇಟರಿಗೆ ನೀರು ಹಾಕುವುದು, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು, ಏರಿನಲ್ಲಿ ಲಾರಿ ನಿಂತರೆ ಇಳಿದು ಚಕ್ರದಡಿ ಕಲ್ಲಿಡುವುದು, ಹಿಂದಕ್ಕೆ ತೆಗೆಯುವಾಗ ಬದಿ ತಟ್ಟಿ ‘ಬರಲಿ, ಬರಲಿ’ ಎನ್ನುವುದು, ಇವೆಲ್ಲ ಅವನ ಪಾಲು. ಸಂಬಳ ಅಷ್ಟಕ್ಕಷ್ಟೆ, ಊಟ ಡ್ರೈವರ್ ಜೊತೆ. ಬಯ್ಗುಳಕ್ಕೆ ಬರವಿರಲಿಲ್ಲ. ಆದರೆ ಶಿರಾಡಿಯಲ್ಲಿ ಯಾವ ತಿರುವಿಗೆ ಯಾವ ಗೇರು, ಮಳೆಯಲ್ಲಿ ಬ್ರೇಕು ಎಷ್ಟು ನಂಬಬೇಕು, ಚೆಕ್‌ಪೋಸ್ಟಿನಲ್ಲಿ ಯಾವ ಕಾಗದ ಮುಂದಿಡಬೇಕು ಎಂಬುದನ್ನು ಅವನು ಅಲ್ಲೇ ಕಲಿತ. ಕೆಲವು ವರ್ಷ ಕಳೆದ ಮೇಲೆ ಡ್ರೈವರ್ ಅಣ್ಣನೇ ಮಾಲೀಕನ ಮುಂದೆ ನಿಂತು ‘ಹುಡುಗ ಪಳಗಿದ್ದಾನೆ, ಕೊಡಿ’ ಎನ್ನುತ್ತಿದ್ದ. ಅರ್ಜಿ, ಸಂದರ್ಶನ, ಅನುಭವಪತ್ರ ಎಲ್ಲವೂ ಆ ಒಂದು ಮಾತೇ.

ಈ ವ್ಯವಸ್ಥೆಯನ್ನು ಹೊಗಳಿ ಮುಗಿಸುವಂತಿಲ್ಲ. ಶಾಲೆ ಬಿಟ್ಟ ಮಕ್ಕಳ ದುಡಿಮೆ ಅದರೊಳಗಿತ್ತು. ಸರಕು ಲಾರಿ ಓಡಿಸಲು 20 ವರ್ಷ ತುಂಬಿರಬೇಕು. ಕಾರಿನಂಥ ಲಘು ವಾಹನದ ಲೈಸೆನ್ಸ್ ಒಂದು ವರ್ಷವಾದರೂ ಇದ್ದವನಿಗೆ ಮಾತ್ರ ಲಾರಿ ಕಲಿಯುವ ಪರವಾನಗಿ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ರಾತ್ರಿ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದು ಕಲಿತ ಎಷ್ಟೋ ಕ್ಲೀನರ್‌ಗಳು ಈ ಲೆಕ್ಕಕ್ಕೆ ಸಿಗುವವರಲ್ಲ.

ಕಾಯದೆಯೇ ಕೆಲಸ ಸಿಕ್ಕ ಕಾಲವೂ ಒಂದಿತ್ತು. 2000ದ ದಶಕದಲ್ಲಿ ಚೀನಾಕ್ಕೆ ಕಬ್ಬಿಣದ ಅದಿರು ಹೊರಟಾಗ ಬಳ್ಳಾರಿ, ಸಂಡೂರು, ಹೊಸಪೇಟೆಯಿಂದ ಬೇಲೆಕೇರಿಯಂಥ ಬಂದರುಗಳವರೆಗೆ ಕೆಂಪು ಧೂಳಿನ ಲಾರಿಸಾಲು ಹಬ್ಬಿತು. ಲಾರಿ ಹೆಚ್ಚಾಗಿ ಡ್ರೈವರ್ ಕಡಿಮೆಯಾದಾಗ ಹೊಸಬ, ಹಳಬ ಎಂದು ನೋಡುವವರು ಯಾರು? ಮಿತಿಮೀರಿದ ಲೋಡು ಹೊತ್ತೇ ಮೊದಲ ಟ್ರಿಪ್ ಮಾಡಿದವರಿದ್ದಾರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸಾಲುಗಟ್ಟಿ ಲಾರಿಗಳು ನಿಂತವು, ಅವುಗಳ ಡ್ರೈವರುಗಳ ಕೆಲಸವೂ ನಿಂತಿತು.

ಅಲ್ಲಿಂದ ಗಲ್ಫಿಗೆ ಬಂದವನು ಇನ್ನೊಮ್ಮೆ ಹೊಸಬನಾಗುತ್ತಾನೆ. ಊರಿನಲ್ಲಿ ಬಲಗಡೆ ಇದ್ದ ಸ್ಟೇರಿಂಗ್ ಇಲ್ಲಿ ಎಡಗಡೆಗೆ ಬರುತ್ತದೆ, ರಸ್ತೆಯ ಬದಿಯೂ ಅದಲುಬದಲು. ಯುಎಇಯಲ್ಲಿ ನಮ್ಮ ದೇಶದ ಲೈಸೆನ್ಸ್ ತೋರಿಸಿದ ಮಾತ್ರಕ್ಕೆ ಇಲ್ಲಿನದು ಸಿಗದು. ಟೆಸ್ಟ್ ಕೊಟ್ಟೇ ಗೆಲ್ಲಬೇಕು. ಲೈಸೆನ್ಸ್ ಕೈಗೆ ಬಂದ ಮೇಲೂ ‘ಇಲ್ಲಿ ಎಷ್ಟು ವರ್ಷ ಓಡಿಸಿದ್ದೀಯ?’ ಎಂಬ ಪ್ರಶ್ನೆ ಕಾದಿರುತ್ತದೆ. ಅದಕ್ಕೆ ಉತ್ತರವಾಗಿ ಬರುವುದು ಮತ್ತೆ ಊರಿನವರೊಬ್ಬರ ಮಾತು: ‘ನಮ್ಮ ಕಡೆಯ ಹುಡುಗ, ನಾನು ನೋಡಿದ್ದೇನೆ.’

ಈ ನಡುವೆ ಊರಿನಲ್ಲಿ ಕ್ಲೀನರ್ ಸೀಟೇ ಖಾಲಿಯಾಗುತ್ತಾ ಬಂದಿದೆ. ರಸ್ತೆ ನಾಲ್ಕು ಪಥವಾಯಿತು, ಪವರ್ ಸ್ಟೇರಿಂಗ್ ಬಂತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ತೆರಿಗೆಯ ಚೆಕ್‌ಪೋಸ್ಟುಗಳು ಮುಚ್ಚಿದವು. 2021ರ ಫೆಬ್ರವರಿಯಿಂದ ಟೋಲಿಗೆ ಫಾಸ್ಟ್ಯಾಗ್ ಕಡ್ಡಾಯವಾಯಿತು. ಇಳಿದು ಓಡಾಡುವ ಹುಡುಗನ ಕೆಲಸ ಕಡಿಮೆಯಾಗಿ, ಮಾಲೀಕನಿಗೆ ಅವನ ಸಂಬಳ ದಂಡವೆನಿಸಿತು. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವನ್ನೂ 2018ರಲ್ಲಿ ಕೈಬಿಡಲಾಯಿತು. ಲಾರಿ ಲೈಸೆನ್ಸಿಗೆ 8ನೇ ತರಗತಿ ಪಾಸಾಗಿರಬೇಕೆಂಬ ಷರತ್ತು 2019ರಲ್ಲಿ ಹೋಯಿತು. ಅಂದರೆ ಲೈಸೆನ್ಸಿನ ಬಾಗಿಲು ಅಗಲವಾಯಿತು, ಕಲಿಯುವ ಸೀಟು ಮಾತ್ರ ಮಾಯವಾಯಿತು. ಹೊಸ ಹುಡುಗ ಮೊದಲ ಟ್ರಿಪ್‌ಗೇ ಒಬ್ಬನೇ ಹೊರಡಬೇಕು. ಕಣ್ಣು ಎಳೆದರೆ ಎಬ್ಬಿಸಲು ಪಕ್ಕದಲ್ಲಿ ಯಾರೂ ಇಲ್ಲ.

ಬೇರೊಂದು ಮೆಟ್ಟಿಲು ಹುಟ್ಟಿಕೊಂಡಿರುವುದೂ ನಿಜ. 2005ರಲ್ಲಿ ಬಂದ ಟಾಟಾ ಏಸ್, ಅದೇ ‘ಚೋಟಾ ಹಾಥಿ’, ಊರೂರಿಗೂ ತರಕಾರಿ, ಸಿಲಿಂಡರು ಹೊತ್ತಿತು. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿತು. ಹೊಸ ಲೈಸೆನ್ಸಿನವನಿಗೆ ಇಂದು ಹತ್ತಿರದ ದಾರಿ ಇದೇ: ಚಿಕ್ಕ ಗಾಡಿಯಲ್ಲಿ ಒಂದೆರಡು ವರ್ಷ ಕೈ ಪಳಗಿಸಿ, ಆಮೇಲೆ ದೊಡ್ಡದಕ್ಕೆ ಹೋಗುವುದು. ಆದರೆ ಚಿಕ್ಕ ಗಾಡಿ ಓಡಿಸಲು ಕಲಿಸೀತು. ತುಂಬಿದ ಲಾರಿಯನ್ನು ಘಾಟಿಯಲ್ಲಿ ಇಳಿಸುವುದನ್ನು ಕಲಿಸದು.

ಫಾರ್ಮಸಿ ಡಿಪ್ಲೊಮಾ ಮಾಡಿದ ನಮಗೆ ಈ ವಿಷಯ ನಾಟುವುದು ಒಂದು ಕಾರಣಕ್ಕೆ. ಪರೀಕ್ಷೆ ಪಾಸಾದರೆ ಸಾಲದು, 500 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಿದ ಮೇಲೆಯೇ ನಮಗೆ ನೋಂದಣಿ. ಆ ಗಂಟೆಗಳಲ್ಲಿ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ಚೀಟಿ ಓದುವುದನ್ನು ಕಲಿಸುತ್ತಾರೆ. ಮಾತ್ರೆ ಎಣಿಸುವ ಕೈಗೆ ಅಷ್ಟು ಅಭ್ಯಾಸ ಬೇಕೆಂದಾದರೆ, ಟನ್‌ಗಟ್ಟಲೆ ತೂಕ ತಿರುಗಿಸುವ ಕೈಗೆ ಬೇಡವೇ?

ನಮ್ಮ ನಡುವೆ ಲಾರಿ ಇಟ್ಟವರಿದ್ದಾರೆ, ಸಾಗಣೆ ವಿಭಾಗ ನೋಡಿಕೊಳ್ಳುವವರಿದ್ದಾರೆ, ವರ್ಷಗಟ್ಟಲೆ ಟ್ರೈಲರ್ ಓಡಿಸಿದವರೂ ಇದ್ದಾರೆ. ಊರಿನಿಂದ ಹೊಸ ಲೈಸೆನ್ಸ್ ಹಿಡಿದು ಬರುವ ಹುಡುಗ ಅವರ ಬಳಿ ಕೇಳುವುದು ದುಡ್ಡನ್ನಲ್ಲ. ಒಂದೆರಡು ತಿಂಗಳು ಪಕ್ಕದ ಸೀಟು, ಆಮೇಲೆ ಮಾಲೀಕನ ಮುಂದೆ ಒಂದು ಮಾತು. ಹಿಂದಿನ ಡ್ರೈವರ್ ಅಣ್ಣಂದಿರು ತಮ್ಮ ಕ್ಲೀನರ್‌ಗೆ ಕೊಟ್ಟದ್ದೂ ಅಷ್ಟೇ. ಬಯ್ಗುಳ ಬಿಟ್ಟು ಉಳಿದದ್ದನ್ನು ನಾವೂ ಕೊಡಬಹುದು.