ಮರಳಿನ ಮೇಲಿನ ಅಕ್ಷರ: ಎಳೆಯರ ಬರವಣಿಗೆಯನ್ನು ಅಳೆದ ಬಗೆ

ಧರ್ಮಕೇಂದ್ರವೊಂದು ತನ್ನ ನೂರು ವರ್ಷಗಳನ್ನು ಹಿಂದಿರುಗಿ ನೋಡುವಾಗ, ನಮ್ಮ ಮಕ್ಕಳು ಅಕ್ಷರ ಕಲಿತ ಬಗೆಯನ್ನೂ ನೆನೆಯುವುದು ಉಚಿತ. 'ಕಾಗುಣಿತ ಬಾರದವನು' ಎಂದರೆ ದಡ್ಡನೆಂದೇ ನಮ್ಮಲ್ಲಿ ಅರ್ಥ. ಈ ತೀರ್ಪು ನ್ಯಾಯವಾದುದೇ? ಚರಿತ್ರೆಯು ಬೇರೊಂದು ಪಾಠವನ್ನು ಹೇಳುತ್ತದೆ.

1623ರಲ್ಲಿ ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋಗುವ ದಾರಿಯಲ್ಲಿ, ದೇಗುಲವೊಂದರ ಮೊಗಸಾಲೆಯಲ್ಲಿ ನಾಲ್ವರು ಬಾಲಕರನ್ನು ಕಂಡನು. ಅವರು ಲೆಕ್ಕದ ಪಾಠವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದರು. ಗುರು ಅಲ್ಲಿರಲಿಲ್ಲ. ತಪ್ಪಿದರೆ ತಿದ್ದುವವರಾರೆಂದು ಅವನು ಕೇಳಿದಾಗ, ನಾಲ್ವರೂ ಒಂದೇ ಕಡೆ ತಪ್ಪಲಾರರೆಂದು ಬಾಲಕರು ಉತ್ತರಿಸಿದರಂತೆ. ಅಲ್ಲಿ ತಪ್ಪು ಶಿಕ್ಷೆಗೆ ಕಾರಣವಾಗಿರಲಿಲ್ಲ. ಜೊತೆಗಾರನ ಸಹಾಯದಿಂದ ಸರಿಪಡುವ ಸಂಗತಿಯಾಗಿತ್ತು. ಮರಳಿನ ಮೇಲಿನ ತಪ್ಪು ಕೈಯಾಡಿಸಿದೊಡನೆ ಅಳಿಯುತ್ತಿತ್ತು.

ಎರಡು ಶತಮಾನಗಳ ಬಳಿಕ, 1823ರಲ್ಲಿ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ 533 ಶಾಲೆಗಳ ವರದಿಯನ್ನು ಮದರಾಸು ಸರಕಾರಕ್ಕೆ ಸಲ್ಲಿಸಿದನು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಮಗು ಮೊದಲು ಮರಳಿನಲ್ಲಿ ಬೆರಳಿನಿಂದ ಬರೆದು ಅಕ್ಷರಗಳನ್ನು ಕಲಿಯುತ್ತಿತ್ತು. ಅದರಲ್ಲಿ ಕೈ ಪಳಗಿದ ಮೇಲೆಯೇ ಓಲೆಗರಿ, ಕಾಗದ, ಹಲಗೆ ಅಥವಾ ಕಡತದ ಮೇಲೆ ಬರೆಯುವ ಅಧಿಕಾರ ಅದಕ್ಕೆ ದೊರೆಯುತ್ತಿತ್ತು. ಈ ಮೆಟ್ಟಿಲುಗಳೇ ಅಂದಿನ ಪರೀಕ್ಷೆ. ಆದರೆ ಒಂದು ಕೊರತೆಯನ್ನೂ ಕ್ಯಾಂಬೆಲ್ ಕಂಡನು: ಮಕ್ಕಳು ಅರ್ಥ ತಿಳಿಯದ ಪದ್ಯಗಳನ್ನು ಓದಿ ಒಪ್ಪಿಸುತ್ತಿದ್ದರು. ಅಕ್ಷರ ಸರಿಯಾಗಿತ್ತು, ಅರಿವು ಹಿಂದುಳಿದಿತ್ತು.

1971ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ರೀಡ್, ಶಾಲೆಗೆ ಸೇರುವ ಮೊದಲೇ ತಾವಾಗಿ ಬರೆಯತೊಡಗಿದ ಮಕ್ಕಳ ತಪ್ಪುಗಳನ್ನು ಪರಿಶೀಲಿಸಿ, ಅವು ಮನಬಂದಂತೆ ಆದವುಗಳಲ್ಲ, ಕಿವಿಗೆ ಕೇಳಿದ ಧ್ವನಿಯನ್ನು ಅನುಸರಿಸಿದವು ಎಂದು ತೋರಿಸಿದನು. ನಮ್ಮ ಮನೆಗಳಲ್ಲಿಯೂ ಇದನ್ನು ಕಾಣಬಹುದು. 'ಶಾಲೆ'ಯನ್ನು 'ಸಾಲೆ' ಎಂದು ಬರೆದ ಮಗು ಮನೆಯ ಮಾತನ್ನು ನಿಷ್ಠೆಯಿಂದ ಬರೆದಿದೆ. 'ಅಮ್ಮ' ಎಂಬುದು 'ಅಮ' ಆದರೆ ಒತ್ತಕ್ಷರ ಇನ್ನೂ ಕೈಗೆ ಹತ್ತಿಲ್ಲವೆಂದು ತಿಳಿಯಬೇಕು. 'ಸೂರ್ಯ' ಎಂಬಲ್ಲಿ ರಕಾರವನ್ನು ಮೊದಲು ನುಡಿದರೂ ಅದರ ಗುರುತು ಯಕಾರದ ಬಳಿಕ ಬರುತ್ತದೆ. ಎಳೆಯ ಮನಸ್ಸು ಅಲ್ಲಿ ತಡವರಿಸುವುದು ಸಹಜ. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳಾಗುವ ನಮ್ಮ ಲಿಪಿಯನ್ನು ಕಲಿಯಲು ಕೆಲವು ವರ್ಷಗಳೇ ಬೇಕು.

ಆದುದರಿಂದ ತಾಯಿತಂದೆಯರಲ್ಲಿ ಒಂದು ವಿನಂತಿ. ಮಗುವಿನ ಬರಹವನ್ನು ನೆರೆಮನೆಯ ಮಗುವಿನ ಬರಹದೊಡನೆ ಹೋಲಿಸಬೇಡಿ. ಮೂರು ತಿಂಗಳ ಹಿಂದಿನ ಅದರದೇ ಪುಟದೊಡನೆ ಹೋಲಿಸಿರಿ. ಬರೆದುದನ್ನು ಅದರಿಂದಲೇ ಓದಿಸಿ, ಅರ್ಥವನ್ನು ಕೇಳಿರಿ. ಒಂದೇ ಬಗೆಯ ತಪ್ಪು ಬಹುಕಾಲ ಮುಂದುವರಿದರೆ ಕಣ್ಣು, ಕಿವಿಗಳನ್ನು ಪರೀಕ್ಷೆ ಮಾಡಿಸಿ, ಉಪಾಧ್ಯಾಯರೊಡನೆ ಸಮಾಲೋಚಿಸಿರಿ. ಕೆಂಪು ಶಾಯಿಯ ಗೆರೆ ಕಾಗದದ ಮೇಲೆ ಉಳಿದುಬಿಡುತ್ತದೆ. ದಡ್ಡನೆಂಬ ಮಾತು ಎಳೆಯ ಮನಸ್ಸಿನಲ್ಲಿ ಅದಕ್ಕಿಂತಲೂ ಹೆಚ್ಚು ಕಾಲ ಉಳಿಯುತ್ತದೆ. ಹಿರಿಯರು ಮಗುವಿಗೆ ಮೊದಲು ಮರಳನ್ನು ಕೊಟ್ಟ ಜಾಣ್ಮೆಯನ್ನು ನಾವು ಮರೆಯದಿರೋಣ.