ತೆರೆಯದೆ ಓದುವ ವಿದ್ಯೆ

1999ರ ಮಾರ್ಚ್ 26, ಶುಕ್ರವಾರ. ಅಂತರ್ಜಾಲದ ಒಂದು ಚರ್ಚಾಕೂಟದಲ್ಲಿ ಯಾರೋ ಒಂದು ವರ್ಡ್ ಫೈಲ್ ಹಾಕಿದರು. ಅಶ್ಲೀಲ ತಾಣಗಳ ಪಾಸ್‌ವರ್ಡ್ ಪಟ್ಟಿ ಎಂಬುದು ಅದರ ಆಮಿಷ. ತೆರೆದವರ ಕಂಪ್ಯೂಟರಿನಲ್ಲಿ ಔಟ್‌ಲುಕ್ ಇದ್ದರೆ, ಅದರ ವಿಳಾಸಪಟ್ಟಿಯ ಮೊದಲ 50 ಜನರಿಗೆ ಅದೇ ಫೈಲ್ ತಾನಾಗಿ ಹೋಗುತ್ತಿತ್ತು. ಕಳುಹಿಸಿದವರ ಜಾಗದಲ್ಲಿ ತೆರೆದವರದೇ ಹೆಸರು. ಗುರುತಿನವರಿಂದ ಬಂದ ಪತ್ರವನ್ನು ಯಾರು ಅನುಮಾನಿಸುತ್ತಾರೆ? ನೋಡನೋಡುತ್ತಿದ್ದಂತೆ ದೊಡ್ಡ ದೊಡ್ಡ ಕಂಪನಿಗಳ ಮೇಲ್ ವ್ಯವಸ್ಥೆ ಉಸಿರುಗಟ್ಟಿ ನಿಂತಿತು. ಇದಕ್ಕೆ 'ಮೆಲಿಸ್ಸಾ' ಎಂದು ಹೆಸರಾಯಿತು. ಬರೆದವನು ಅಮೆರಿಕದ ನ್ಯೂ ಜೆರ್ಸಿಯ ಡೇವಿಡ್ ಸ್ಮಿತ್. ಒಂದು ವಾರದೊಳಗೆ ಸಿಕ್ಕಿಬಿದ್ದ ಅವನಿಗೆ 2002ರಲ್ಲಿ 20 ತಿಂಗಳ ಸೆರೆವಾಸದ ಶಿಕ್ಷೆಯಾಯಿತು.

ಮೆಲಿಸ್ಸಾ ಕಲಿಸಿದ ಪಾಠ ಸರಳ: ಪರದೆಯ ಮೇಲೆ ಕಾಗದದಂತೆ ಕಾಣುವುದೆಲ್ಲ ಕಾಗದವಲ್ಲ. ಪದೇ ಪದೇ ಮಾಡುವ ಕೆಲಸವನ್ನು ಒಂದು ಗುಂಡಿಗೆ ಕಟ್ಟಿಹಾಕಲೆಂದು ಮೈಕ್ರೊಸಾಫ್ಟ್ ತನ್ನ ಆಫೀಸ್ ತಂತ್ರಾಂಶಗಳಲ್ಲಿ 'ಮ್ಯಾಕ್ರೊ' ಎಂಬ ಸೌಲಭ್ಯ ಕೊಟ್ಟಿತ್ತು. ಲೆಕ್ಕಪತ್ರದವರಿಗೆ ಅದು ವರದಾನವೇ ಆಯಿತು. ಆದರೆ ಮ್ಯಾಕ್ರೊ ಎಂದರೆ ಪೂರ್ಣ ಪ್ರಮಾಣದ ಪ್ರೋಗ್ರಾಂ. ಅದು ಫೈಲಿನೊಳಗೇ ಕೂತು ಊರೂರು ಸುತ್ತಬಲ್ಲದು, ಫೈಲ್ ತೆರೆದ ಕೂಡಲೇ ತಾನಾಗಿ ಏಳಬಲ್ಲದು. 1995ರಲ್ಲೇ 'ಕಾನ್ಸೆಪ್ಟ್' ಎಂಬ ವೈರಸ್ ಇದನ್ನು ತೋರಿಸಿಕೊಟ್ಟಿತ್ತು. ಅದು ಏನನ್ನೂ ಹಾಳುಮಾಡಲಿಲ್ಲ. ತನ್ನ ವಾದ ಸಾಬೀತಾಗಲು ಇಷ್ಟು ಸಾಕು ಎಂಬರ್ಥದ ಒಂದು ಸಾಲನ್ನು ಅದರ ಕರ್ತೃ ಒಳಗೆ ಬರೆದಿಟ್ಟಿದ್ದ, ಅಷ್ಟೆ.

ಹಾಗಾದರೆ ಅನುಮಾನದ ಫೈಲ್ ಬಂದಾಗ ಅದನ್ನು ತೆರೆಯದೆಯೇ ಒಳಗೇನಿದೆ ಎಂದು ನೋಡುವುದು ಹೇಗೆ? ಇಲ್ಲೇ ತೊಡಕು. ಹಳೆಯ .ಡಾಕ್, .ಎಕ್ಸ್‌ಎಲ್‌ಎಸ್ ಫೈಲುಗಳು ಒಂದು ಪುಟ್ಟ ಹಾರ್ಡ್‌ಡಿಸ್ಕಿನ ಹಾಗೆ. ಒಳಗೆ ಫೋಲ್ಡರುಗಳು, ಅವುಗಳೊಳಗೆ ತುಣುಕುಗಳು, ಯಾವ ತುಣುಕು ಎಲ್ಲಿ ಮುಂದುವರಿಯುತ್ತದೆ ಎಂದು ತಿಳಿಸುವ ಒಂದು ಕೋಷ್ಟಕ. ಇದನ್ನು ಓಎಲ್‌ಇ ಎನ್ನುತ್ತಾರೆ. ಮ್ಯಾಕ್ರೊದ ಪಠ್ಯ ಇದರೊಳಗೆ, ಮೈಕ್ರೊಸಾಫ್ಟಿನದೇ ಆದ ರೀತಿಯಲ್ಲಿ ಸಂಕುಚಿತಗೊಂಡು ಕೂತಿರುತ್ತದೆ. ಬೇರೆ ಯಾವುದೇ ಸಂಪಾದಕದಲ್ಲಿ ತೆರೆದರೆ ಕಾಣುವುದು ಬರೀ ಕಸ. ಈ ಪೆಟ್ಟಿಗೆಯ ಪೂರ್ತಿ ವಿವರ ಬಹಳ ಕಾಲ ಸಾರ್ವಜನಿಕರ ಕೈಯಲ್ಲಿರಲಿಲ್ಲ. ತಯಾರಿಸಿದ ಕಂಪನಿಗೆ ಗೊತ್ತಿತ್ತು. ಆ್ಯಂಟಿವೈರಸ್ ಕಂಪನಿಗಳು ತಡಕಾಡಿ ತಿಳಿದುಕೊಂಡು ತಮ್ಮಲ್ಲೇ ಇಟ್ಟುಕೊಂಡಿದ್ದವು. ಫೈಲ್ ಯಾರ ಮೇಜಿಗೆ ಬಂದಿತ್ತೋ ಅವರಿಗೆ ಮಾತ್ರ ಗೊತ್ತಿರಲಿಲ್ಲ.

ಮೊದಲ ಬೀಗದ ಕೈ ಸಿಕ್ಕಿದ್ದು ನಿರೀಕ್ಷಿಸದ ಕಡೆಯಿಂದ. 1990ರ ದಶಕದಲ್ಲಿ ಫ್ರೆಡ್ರಿಕ್ ಲುಂಡ್ ಎಂಬವರು ಪೈಥಾನ್ ಭಾಷೆಗಾಗಿ ಚಿತ್ರಗಳನ್ನು ನಿಭಾಯಿಸುವ ಒಂದು ತಂತ್ರಾಂಶ ಸಂಗ್ರಹ ರೂಪಿಸುತ್ತಿದ್ದರು. ಕೆಲವು ಬಗೆಯ ಚಿತ್ರ ಫೈಲುಗಳೂ ಓಎಲ್‌ಇ ಪೆಟ್ಟಿಗೆಯಲ್ಲೇ ಬರುತ್ತಿದ್ದುದರಿಂದ, ಅದನ್ನು ಓದುವ ಸಣ್ಣದೊಂದು ಘಟಕವನ್ನೂ ಬರೆದರು. ವೈರಸ್ ಹಿಡಿಯುವ ಯೋಚನೆ ಅದರಲ್ಲಿರಲಿಲ್ಲ. 2005ರಿಂದ ಆ ಘಟಕವನ್ನು ಕೈಗೆತ್ತಿಕೊಂಡವರು ಫ್ರಾನ್ಸಿನ ಫಿಲಿಪ್ ಲಗಾಡೆಕ್. ಮುಂದೆ ನೇಟೋ ಹಾಗೂ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯಲ್ಲಿ ಭದ್ರತೆಯ ಕೆಲಸ ಮಾಡಿದ ಅವರು ಘಟಕದ ದೋಷಗಳನ್ನು ತಿದ್ದಿ, ಬೆಳೆಸಿ, 'ಓಲೆಫೈಲ್' ಎಂಬ ಸ್ವತಂತ್ರ ಸಾಧನವಾಗಿ ಹೊರತಂದರು. 2008ರಲ್ಲಿ ಮೈಕ್ರೊಸಾಫ್ಟ್ ತನ್ನ ಹಳೆಯ ಫೈಲುಗಳ ರಚನೆಯ ವಿವರಗಳನ್ನು ಪ್ರಕಟಿಸಿದ್ದು ಇಂಥ ಕೆಲಸಕ್ಕೆ ದೊಡ್ಡ ಬಲವಾಯಿತು.

ಇಂಥ ಸಾಧನ ಯಾರಿಗೆ ಬೇಕಿತ್ತು ಎಂಬುದಕ್ಕೆ ನಮ್ಮ ದೇಶದ ಒಂದು ಊರೇ ಸಾಕ್ಷಿ. 2009ರ ಮಾರ್ಚಿನಲ್ಲಿ ಕೆನಡಾದ ಸಂಶೋಧಕರು 'ಘೋಸ್ಟ್‌ನೆಟ್' ಎಂಬ ಬೇಹುಗಾರಿಕೆ ಜಾಲದ ಬಗ್ಗೆ ವರದಿ ಪ್ರಕಟಿಸಿದರು. 103 ದೇಶಗಳ 1,295 ಕಂಪ್ಯೂಟರುಗಳು ಅದರ ಬಲೆಗೆ ಬಿದ್ದಿದ್ದವು. ಅವುಗಳಲ್ಲಿ ಧರ್ಮಶಾಲಾದ ದಲೈ ಲಾಮಾ ಕಚೇರಿಯ ಕಂಪ್ಯೂಟರುಗಳೂ ಇದ್ದವು. ಟಿಬೆಟಿಯನ್ನರಿಗೆ ಬರುತ್ತಿದ್ದ ಇಮೇಲುಗಳಲ್ಲಿ ಅವರದೇ ಹೋರಾಟಕ್ಕೆ ಸಂಬಂಧಿಸಿದ ದಾಖಲೆಯಂತೆ ಕಾಣುವ ವರ್ಡ್ ಫೈಲ್ ಇರುತ್ತಿತ್ತು. ಅಂಥ ಒಂದು ಫೈಲನ್ನು ಸಂಶೋಧಕರು ಪರೀಕ್ಷೆಗೆ ಒಡ್ಡಿದಾಗ, 34 ಆ್ಯಂಟಿವೈರಸ್‌ಗಳಲ್ಲಿ ಅದನ್ನು ಗುರುತಿಸಿದ್ದು 11 ಮಾತ್ರ. ದುಡ್ಡು ಕೊಟ್ಟು ಕೊಂಡ ಕಾವಲುಗಾರನೂ ಕಣ್ಣು ಮುಚ್ಚಿರಬಹುದು, ತಾನೇ ನೋಡಲು ಬರುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು.

ಅದೇ ಹೊತ್ತಿನಲ್ಲಿ ಪಿಡಿಎಫ್ ಫೈಲುಗಳೂ ದಾಳಿಯ ವಾಹನವಾಗುತ್ತಿದ್ದವು. ಬೆಲ್ಜಿಯಂನ ಡಿಡಿಯೆ ಸ್ಟೀವನ್ಸ್ ಎರಡು ಪುಟ್ಟ ಸಾಧನಗಳನ್ನು ಬರೆದರು. ಪಿಡಿಎಫ್ ಒಳಗೆ ಜಾವಾಸ್ಕ್ರಿಪ್ಟ್ ಇದೆಯೇ, ತೆರೆದ ತಕ್ಷಣ ತಾನಾಗಿ ನಡೆಯುವ ಆಜ್ಞೆ ಇದೆಯೇ ಎಂದು 'ಪಿಡಿಎಫ್‌ಐಡಿ' ಎಣಿಸಿ ಹೇಳುತ್ತದೆ. ಎಣಿಕೆ ಅನುಮಾನ ಹುಟ್ಟಿಸಿದರೆ 'ಪಿಡಿಎಫ್-ಪಾರ್ಸರ್' ಆ ಭಾಗವನ್ನು ಬಿಡಿಸಿ ತೋರಿಸುತ್ತದೆ. ಸ್ಟೀವನ್ಸ್ ಇವುಗಳ ಮೇಲೆ ಹಕ್ಕುಸ್ವಾಮ್ಯವನ್ನೇ ಇಟ್ಟುಕೊಳ್ಳಲಿಲ್ಲ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎಂದು ಸಾರ್ವಜನಿಕರಿಗೇ ಬಿಟ್ಟುಕೊಟ್ಟರು.

2014ರ ಹೊತ್ತಿಗೆ ಮ್ಯಾಕ್ರೊಗಳು ಮತ್ತೆ ಬಂದವು. ಮೆಲಿಸ್ಸಾದ ನಂತರದ ವರ್ಷಗಳಲ್ಲಿ ಅವು ತಾವಾಗಿ ನಡೆಯದಂತೆ ತಡೆ ಹಾಕಲಾಗಿತ್ತು ನಿಜ. ಕಳ್ಳರು ತಂತ್ರಾಂಶವನ್ನು ಬಿಟ್ಟು ಮನುಷ್ಯರನ್ನೇ ಮೋಸಗೊಳಿಸಿದರು. 'ಈ ದಾಖಲೆ ಸುರಕ್ಷಿತವಾಗಿದೆ, ನೋಡಲು ಮೇಲಿನ ಗುಂಡಿ ಒತ್ತಿ' ಎಂಬ ಚಿತ್ರ ಕಂಡ ಗುಮಾಸ್ತ ಬಿಲ್ ನೋಡುವ ಆತುರದಲ್ಲಿ ಗುಂಡಿ ಒತ್ತುತ್ತಿದ್ದ. ಆ ವರ್ಷವೇ ಲಗಾಡೆಕ್ 'ಓಲೆವಿಬಿಎ'ಯನ್ನೂ, ಸ್ಟೀವನ್ಸ್ 'ಓಲೆಡಂಪ್' ಅನ್ನೂ ಹೊರತಂದರು. ಎರಡಕ್ಕೂ ವರ್ಡ್ ಬೇಕಿಲ್ಲ. ಪೆಟ್ಟಿಗೆಯ ಕೋಷ್ಟಕ ಓದಿ, ಮ್ಯಾಕ್ರೊ ಇರುವ ತುಣುಕು ಹುಡುಕಿ, ಸಂಕೋಚನ ಬಿಡಿಸಿ, ಪ್ರೋಗ್ರಾಂನ ಪಠ್ಯವನ್ನು ಮುಂದಿಡುತ್ತವೆ. ಪ್ರೋಗ್ರಾಂ ಮಾತ್ರ ನಡೆಯುವುದಿಲ್ಲ. ಹಾವನ್ನು ಗಾಜಿನ ಭರಣಿಯಲ್ಲಿಟ್ಟು ನೋಡಿದ ಹಾಗೆ. ಓಲೆವಿಬಿಎ ಇನ್ನೊಂದು ಹೆಜ್ಜೆ ಹೋಗಿ, ಅನುಮಾನದ ಪದಗಳ ಪಟ್ಟಿಯನ್ನೂ ಕೊಡುತ್ತದೆ. ಲಗಾಡೆಕ್ ಮುಂದೆ ಬರೆದ 'ಮ್ಯಾಕ್ರೊರ್‍ಯಾಪ್ಟರ್' ಕೇಳುವುದು ಮೂರೇ ಪ್ರಶ್ನೆ: ಈ ಮ್ಯಾಕ್ರೊ ತಾನಾಗಿ ಏಳುತ್ತದೆಯೇ? ಡಿಸ್ಕಿನಲ್ಲೋ ಮೆಮೊರಿಯಲ್ಲೋ ಏನನ್ನಾದರೂ ಬರೆಯುತ್ತದೆಯೇ? ಹೊರಗಿನ ಏನನ್ನಾದರೂ ನಡೆಸುತ್ತದೆಯೇ? ತಾನಾಗಿ ಎದ್ದು, ಉಳಿದೆರಡರಲ್ಲಿ ಒಂದನ್ನು ಮಾಡಿದರೂ ಅದು ಸಂಶಯಾಸ್ಪದ.

ಇದು ಬರೀ ತಂತ್ರಜ್ಞರ ಚಟವಾಗಿರಲಿಲ್ಲ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ದಾಳಿಯಾಗಿ, ಸುಮಾರು 2,25,000 ಗ್ರಾಹಕರು ಚಳಿಗಾಲದಲ್ಲಿ ಕೆಲವು ಗಂಟೆ ಕತ್ತಲೆಯಲ್ಲಿ ಕೂತರು. ತಿಂಗಳುಗಳ ಹಿಂದೆ ಸಿಬ್ಬಂದಿಗೆ ಇಮೇಲಿನಲ್ಲಿ ಬಂದಿದ್ದ ಮ್ಯಾಕ್ರೊ ತುಂಬಿದ ಆಫೀಸ್ ಫೈಲುಗಳಿಂದ ದಾಳಿಕೋರರಿಗೆ ಒಳದಾರಿ ಸಿಕ್ಕಿತ್ತು.

ಎದುರಾಳಿಗಳೂ ಸುಮ್ಮನಿರಲಿಲ್ಲ. ವರ್ಡ್ ಪ್ರತಿ ಮ್ಯಾಕ್ರೊವನ್ನೂ ಎರಡು ರೂಪದಲ್ಲಿ ಇಡುತ್ತದೆ: ಮನುಷ್ಯರು ಓದುವ ಪಠ್ಯ, ಯಂತ್ರಕ್ಕೆ ಅನುಕೂಲವಾದ ಪಿ-ಕೋಡ್. ಪಠ್ಯವನ್ನು ಅಳಿಸಿ, ಅಲ್ಲಿ ನಿರುಪದ್ರವಿ ಸಾಲುಗಳನ್ನಿಟ್ಟು ಪಿ-ಕೋಡ್ ಅನ್ನು ಹಾಗೇ ಬಿಟ್ಟರೆ, ಪಠ್ಯ ಓದುವ ಸಾಧನ ಮೋಸಹೋಗುತ್ತದೆ. ಈ ಕುರುಡುಜಾಗಕ್ಕೆ ಬಲ್ಗೇರಿಯಾದ ಹಿರಿಯ ವೈರಸ್ ತಜ್ಞ ವೆಸೆಲಿನ್ ಬೊಂಚೆವ್ 2016ರಲ್ಲಿ ಪಿ-ಕೋಡ್ ಬಿಡಿಸುವ ಸಾಧನ ಕೊಟ್ಟರು. ಲಗಾಡೆಕ್ ಅದನ್ನು ತಮ್ಮ ಸಾಧನದೊಳಗೇ ಸೇರಿಸಿಕೊಂಡರು. 2020ರಲ್ಲಿ ಕಳ್ಳರು 1992ರ ಎಕ್ಸೆಲ್ 4ರ ಮ್ಯಾಕ್ರೊಗಳನ್ನು ಅಟ್ಟದಿಂದ ಇಳಿಸಿದರು. ಎಲ್ಲರೂ ಮರೆತಿದ್ದ ಆ ಭಾಷೆಯನ್ನು ಬಿಡಿಸುವ ಓಪನ್ ಸೋರ್ಸ್ ಸಾಧನವೂ ಅದೇ ವರ್ಷ ಬಂತು.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಸಾಧನ ಎಲ್ಲರಿಗೂ ಸಿಗುವುದಾದರೆ ಕಳ್ಳನಿಗೂ ಸಿಗುತ್ತದೆ. ಓಲೆವಿಬಿಎ ಯಾವ ಪದ ಹಿಡಿಯುತ್ತದೆ ಎಂದು ನೋಡಿಕೊಂಡು ಅವನು ಆ ಪದವನ್ನೇ ಚೂರುಚೂರು ಮಾಡಿ ಅಡಗಿಸಬಹುದು, ಅಡಗಿಸಿದ್ದಾನೆ ಕೂಡ. ಆದರೆ ಮುಚ್ಚಿಟ್ಟ ಸಾಧನಗಳನ್ನೂ ಅವನು ಕೊಂಡು ಪರೀಕ್ಷಿಸುತ್ತಲೇ ಇದ್ದ. ಮುಚ್ಚಿಡುವುದರಿಂದ ಕಳೆದುಕೊಳ್ಳುವವನು ಉಳಿದವನು: ಜಿಲ್ಲಾ ಕೇಂದ್ರದ ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ, ಸಣ್ಣ ಪತ್ರಿಕೆಯ ಸಂಪಾದಕಿ, ಕಲಿಯಲು ಹೊರಟ ವಿದ್ಯಾರ್ಥಿ. ಇನ್ನೊಂದು ಕಾರಣವೂ ಇದೆ. ಅನುಮಾನದ ಫೈಲನ್ನು ಆನ್‌ಲೈನ್ ತಪಾಸಣಾ ತಾಣಕ್ಕೆ ಹಾಕಿದರೆ ಅದು ಹಲವರ ಕೈಗೆ ಹೋಗಬಹುದು. ವಕೀಲರ ಬಳಿಯಿರುವ ಕಕ್ಷಿದಾರನ ಪತ್ರವನ್ನೋ ಆಸ್ಪತ್ರೆಯ ವರದಿಯನ್ನೋ ಹಾಗೆ ಹಾಕಲಾಗದು. ತನ್ನದೇ ಕಂಪ್ಯೂಟರಿನಲ್ಲಿ ನಡೆಯುವ ಸಾಧನವಿದ್ದರೆ ಮನೆಯ ವಿಷಯ ಮನೆಯಲ್ಲೇ ಉಳಿಯುತ್ತದೆ. ಸಾಧನ ತಪ್ಪು ಹೇಳಿದರೆ ಯಾಕೆ ಹೇಳಿತು ಎಂದು ಅದರ ಸಾಲುಗಳನ್ನೇ ಓದಿ ತಿಳಿಯಬಹುದು. ಪ್ರಾಮಾಣಿಕ ಅಕೌಂಟೆಂಟ್ ಬರೆದ ಮ್ಯಾಕ್ರೊ ಕೂಡ ತಾನಾಗಿ ಎದ್ದು ಫೈಲ್ ಬರೆಯಬಹುದಲ್ಲ. ಕೊನೆಯ ತೀರ್ಪು ಮನುಷ್ಯನದೇ.

ಅಂತರ್ಜಾಲದಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು ಪೂರ್ವನಿಯೋಜಿತವಾಗಿಯೇ ತಡೆಯುವುದಾಗಿ ಮೈಕ್ರೊಸಾಫ್ಟ್ ಘೋಷಿಸಿದ್ದು 2022ರ ಫೆಬ್ರವರಿಯಲ್ಲಿ. ಕಾನ್ಸೆಪ್ಟ್ ಎಚ್ಚರಿಸಿ ಆಗಲೇ 26 ವರ್ಷಕ್ಕೂ ಹೆಚ್ಚು ಕಳೆದಿತ್ತು. ಆ ತಡೆ ಕೆಲಸ ಮಾಡಿತು. ಕಳ್ಳರು ಡಿಸ್ಕ್ ಇಮೇಜ್‌ಗಳಿಗೂ, 2023ರ ಆರಂಭದಲ್ಲಿ ಒನ್‌ನೋಟ್ ಫೈಲುಗಳಿಗೂ ವಲಸೆ ಹೋದರು. ಒನ್‌ನೋಟ್ ಬಂದಾಗ ಅದನ್ನು ಬಿಚ್ಚುವ ಸಾಧನವನ್ನು ತಕ್ಷಣ ಬರೆದವರಲ್ಲಿ ಸ್ಟೀವನ್ಸ್ ಕೂಡ ಒಬ್ಬರು. ಪೆಟ್ಟಿಗೆ ಬದಲಾಗುತ್ತದೆ, ಕೆಲಸ ಅದೇ. ಬೇರೆಯವರು ಕಳುಹಿಸಿದ ಪೆಟ್ಟಿಗೆಯೊಳಗೆ ಏನಿದೆಯೆಂದು, ಅದನ್ನು ತೆರೆಯುವ ಮೊದಲೇ ತಿಳಿಯುವ ಹಕ್ಕು ಪಡೆದವನಿಗೆ ಇರಬೇಕು. ಬೆರಳೆಣಿಕೆಯಷ್ಟು ಜನ ಕಾಸು ಕೇಳದೆ ಬರೆದ ಕೆಲವು ಸಾವಿರ ಸಾಲುಗಳು ಆ ಹಕ್ಕನ್ನು ಎಲ್ಲರ ಕೈಗೆಟುಕುವಂತೆ ಮಾಡಿವೆ.