ಬೈಕುಲ್ಲಾದ ಅಪ್ಪಂದಿರ ರಜೆ

ಮಿಲ್ಲುಗಳ ಕಾಲದಲ್ಲಿ, ಮುಂಬಯಿಯ ಬೈಕುಲ್ಲಾದಲ್ಲಿ, ಎಷ್ಟೋ ಗಂಡಸರಿಗೆ ಹೆರಿಗೆಯೆಂದರೆ ಊರಿನಿಂದ ಬರುವ ಒಂದು ಕಾಗದ. ಹೆಂಡತಿ ತವರಿನಲ್ಲಿ, ಅವನು ಚಾಳಿನ ಖೋಲಿಯಲ್ಲಿ. ಮಿಲ್ಲಿಗೆ ಬಂದ ಕೊಂಕಣದವನಾಗಲಿ, ಹೋಟೆಲು ಸೇರಿದ ದಕ್ಷಿಣ ಕನ್ನಡದವನಾಗಲಿ, ಪಾಡು ಹೆಚ್ಚುಕಡಿಮೆ ಒಂದೇ.

ತಾಯಿಗೂ ರಜೆ ಸುಮ್ಮನೆ ಸಿಗಲಿಲ್ಲ. 1928ರ ಜುಲೈನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಬಿ. ಆರ್. ಅಂಬೇಡ್ಕರ್ ಅದರ ಪರ ನಿಂತರು. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಖರ್ಚಿನ ಬಹುಪಾಲನ್ನು ಸರ್ಕಾರವೇ ಹೊರಬೇಕು ಎಂಬುದು ಅವರ ವಾದ. 1929ರಲ್ಲಿ ಕಾಯ್ದೆಯಾಯಿತು, ದೇಶದಲ್ಲೇ ಮೊದಲನೆಯದು. ಖರ್ಚು ಮಾತ್ರ ಮಾಲೀಕರ ಪಾಲಿಗೆ ಬಂತು. ಅಪ್ಪನ ರಜೆಯ ಮಾತು ಆಗ ಯಾರಿಗೆ ಹೊಳೆದೀತು?

ಅದು ಬರಲು ಸುಮಾರು ಏಳು ದಶಕ ಬೇಕಾಯಿತು. ಐದನೇ ವೇತನ ಆಯೋಗದ ನಂತರ, 1997ರಲ್ಲಿ, ಕೇಂದ್ರ ಸರ್ಕಾರದ ಗಂಡು ನೌಕರರಿಗೆ 15 ದಿನಗಳ ಪಿತೃತ್ವ ರಜೆ ದೊರೆಯಿತು. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರಬೇಕು. ಹೆರಿಗೆಯಾದ ಆರು ತಿಂಗಳೊಳಗೆ ಬಳಸದಿದ್ದರೆ ರಜೆ ಹೋದಂತೆಯೇ. ಇಂದು ಬೈಕುಲ್ಲಾದಲ್ಲಿರುವ ಮಧ್ಯ ರೈಲ್ವೆಯ ಆಸ್ಪತ್ರೆಗೆ ಅಂಬೇಡ್ಕರರದೇ ಹೆಸರು. ಅಲ್ಲಿ ಮಡದಿಯ ಹೆರಿಗೆ ಮಾಡಿಸುವ ರೈಲ್ವೆ ನೌಕರನಿಗೂ ಈ ರಜೆಯುಂಟು.

2017ರಲ್ಲಿ ತಾಯಂದಿರ ರಜೆ 26 ವಾರಕ್ಕೇರಿತು. ಅದೇ ವರ್ಷ ಮಹಾರಾಷ್ಟ್ರದ ಸಂಸದ ರಾಜೀವ್ ಸಾತವ್ ಅಪ್ಪಂದಿರಿಗಾಗಿ ಖಾಸಗಿ ಮಸೂದೆ ತಂದರು, ಅದು ಕಾಯ್ದೆಯಾಗಲಿಲ್ಲ. ಹೀಗಾಗಿ ರೈಲ್ವೆ ಗುಮಾಸ್ತನಿಗೆ ಹಕ್ಕಾದದ್ದು ಹೋಟೆಲಿನ ಅಡುಗೆಯವನಿಗೆ ಮಾಲೀಕನ ಮರ್ಜಿ. ಹಕ್ಕಿರುವ ಅಪ್ಪಂದಿರಾದರೂ ನಾಚಿಕೆ ಬಿಟ್ಟು ಅರ್ಜಿ ಹಾಕಲಿ.